ಕಟ್ಟೆಯ ಮೇಲಿನ ಕೇಬಲ್

ನಾಲ್ಕು ಟನ್ ಕಬ್ಬಿಣ ನಡುಗಾಳಿಯಲ್ಲಿ ನಿಂತುಬಿಟ್ಟಿತು. ಇಳಿಯಲೊಲ್ಲದು, ಏರಲೊಲ್ಲದು. ಎರಕದ ಕಾರ್ಖಾನೆಯ ಆ ಕ್ರೇನ್ ನಾನು ಸ್ವತಂತ್ರವಾಗಿ ಹಿಡಿದ ಮೊದಲ ಕೆಲಸ. ಮೋಟರಿನ ವೇಗ ಹಿಡಿತದಲ್ಲಿಡಲು ಹೊಸ ಡ್ರೈವ್, ಭಾರ ಇಳಿಯುವಾಗ ಮೋಟರು ಹಿಂದಕ್ಕೆ ತಳ್ಳುವ ಕರೆಂಟನ್ನು ಶಾಖವಾಗಿಸಿ ಕಳೆಯಲು ಜಾಲಿಪೆಟ್ಟಿಗೆಯೊಳಗೊಂದು ಬ್ರೇಕ್ ರೆಸಿಸ್ಟರ್, ಎರಡರ ನಡುವೆ ಕೇಬಲ್. ನಕ್ಷೆಯೆಲ್ಲ ನನ್ನದೇ. ಎಷ್ಟು ಹೆಮ್ಮೆ ಅಂತೀರಿ!

ಮಾಲೀಕ ಗುರುಸಂಗಪ್ಪನವರು ಬೆಳಿಗ್ಗೆಯೇ ಹೇಳಿ ಹೋಗಿದ್ದರು: “ಮೂರಕ್ಕ ಬರ್ತೀನಿ. ನನ್ನ ಕಣ್ಣೆದುರು ಹತ್ತು ಸಲ ಏರಿ ಇಳೀಬೇಕು. ನಡುವ ನಿಂತಿತೋ, ಹಳೇ ಕ್ರೇನೇ ಸಾಕು. ನೀವೂ ಬ್ಯಾರೆ ಕೆಲಸ ನೋಡ್ಕೊಳ್ರಿ.” ಈಗ ಗಂಟೆ ಹನ್ನೆರಡೂವರೆ. ತಾಲೀಮಿನ ಆರನೆಯ ಇಳಿತದಲ್ಲೇ ಈ ಗತಿ.

ರೆಸಿಸ್ಟರ್ ಮಿತಿ ಮೀರಿ ಕಾದಿದೆಯೆಂದು ಡ್ರೈವ್ ಕೆಂಪು ದೀಪ ತೋರಿಸುತ್ತಿತ್ತು. ಸಾಧ್ಯವೇ ಇಲ್ಲ, ಮೂರು ಸಲ ಲೆಕ್ಕ ಹಾಕಿದ್ದೆ! ಪೆಟ್ಟಿಗೆಯಿದ್ದ ಗೋಡೆಯ ಹಿಂದಕ್ಕೆ ಓಡಿದೆ. ಪೆಟ್ಟಿಗೆಯ ಜಾಲಿಯ ಮೇಲೆ ಹನ್ನೊಂದು ಬುತ್ತಿ ಡಬ್ಬಿಗಳು ಒತ್ತೊತ್ತಾಗಿ ಕೂತಿದ್ದವು. ಮೇಲೊಂದು ಗೋಣಿಚೀಲ ಬೇರೆ. ಬಿಸಿಗಾಳಿ ಹೊರಬೀಳಲು ಕಿಂಡಿಯೇ ಉಳಿದಿರಲಿಲ್ಲ.

“ಯಾರ್ರೀ ಇದನ್ನ ಇಟ್ಟವರು?” ಎಂದು ಕೂಗಿದೆ.

ಮರಳಿನ ಅಚ್ಚು ಕಟ್ಟುವ ಸಂಕವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. “ನಾವ ಇಟ್ಟೀವ್ರಿ ಬಾಯಾರ. ನಿನ್ನಿ ನೋಡಿದ್ವಿ, ಬೆಚ್ಚಗಿತ್ತು.”

“ಇದೇನು ಒಲೆಯೇ ಸಂಕವ್ವ?”

“ನಮ್ಮ ಒಲಿ ನೀವ ಕಸ್ಕೊಂಡ್ರಲ್ರೀ! ಬರ್ರಿಲ್ಲಿ.”

ನನ್ನ ರಟ್ಟೆ ಹಿಡಿದು ಕುಲುಮೆಯ ಹಿಂಗೋಡೆಗೆ ಎಳೆದೊಯ್ದಳು. ಅಲ್ಲಿ ಸೊಂಟದೆತ್ತರಕ್ಕೆ ಉದ್ದನೆಯ ಕಟ್ಟೆ. “ಇಪ್ಪತ್ತು ವರ್ಷ ಇದರ ಮ್ಯಾಲ ಬುತ್ತಿ ಬಿಸಿ ಮಾಡೀವಿ. ಈಗ ನಿಮ್ಮ ಕೇಬಲ್ ಮಲಗೇತಿ. ಮುಟ್ಟಿ ನೋಡ್ರಿ.”

ಮುಟ್ಟಿದವಳೇ ಕೈ ಎಳೆದುಕೊಂಡೆ. ಕೇಬಲಿನ ಹೊದಿಕೆ ಮೆತ್ತಗಾಗಿತ್ತು. ನಾನು ಅಳತೆ ಹಿಡಿದದ್ದು ಭಾನುವಾರ. ಅಂದು ಕುಲುಮೆ ಆರಿತ್ತು, ಕಟ್ಟೆ ತಣ್ಣಗಿತ್ತು, ಕೇಬಲಿಗೆ ಹೇಳಿ ಮಾಡಿಸಿದ ಹಾಗೆ ಸಪಾಟಾಗಿ ಕಂಡಿತ್ತು. ಇನ್ನೊಂದು ವಾರ ಕಳೆದಿದ್ದರೆ ಬೆಂಕಿಯೇ! ಆದರೆ ಆ ಗಳಿಗೆಯಲ್ಲಿ ಹೆದರಿಕೆಗಿಂತ ಖುಷಿಯೇ ಹೆಚ್ಚಾಯಿತು. ತಪ್ಪು ಸಿಕ್ಕಿತ್ತು, ಎರಡು ಗಂಟೆ ಸಮಯವೂ ಕೈಯಲ್ಲಿತ್ತು!

ಡಬ್ಬಿಗಳನ್ನು ತೆಗೆದು, ಪೆಟ್ಟಿಗೆ ಆರಿದ ಮೇಲೆ ಭಾರವನ್ನು ನೆಲಕ್ಕಿಳಿಸಿ, ಕರೆಂಟು ತೆಗೆದೆ. ಎದುರು ಗೋಡೆಯ ಮೇಲೆ ಹೊಸ ದಾರಿ ಗುರುತಿಸಿದೆ. ಡಬ್ಬಿಗಳ ಒಡೆಯರಾದ ಹನ್ನೊಂದು ಜನವೂ ಊಟ ಬಿಟ್ಟು ಹೊಸ ಕೇಬಲಿಗೆ ಕೈಹಾಕಿದರು.

“ಜಗ್ಗ್ರೋ! ಹೊಟ್ಟಿಗೆ ಹಿಟ್ಟಿಲ್ಲೇನು?” ಸಂಕವ್ವ ಗದರಿದಳು.

“ಹಿಟ್ಟೆಲ್ಲ ಡಬ್ಬಿಯೊಳಗ ಐತಿ ಬೇ!” ಯಾರೋ ಅಂದರು. ನಗುತ್ತಲೇ ಎಳೆದೆವು.

ಮೂರಕ್ಕೆ ಸರಿಯಾಗಿ ಗುರುಸಂಗಪ್ಪನವರು ಬಂದರು. ಹತ್ತನೆಯ ಸಲ ಭಾರ ನಡುಗಾಳಿಗೆ ಬಂದಾಗ ನಾನು ಡ್ರೈವಿನ ಕೆಂಪು ದೀಪದತ್ತ ನೋಡಿದೆ. ನಿಲ್ಲಲಿಲ್ಲ! ಸಲೀಸಾಗಿ ಮರಳಿಗೆ ಇಳಿಯಿತು.

ಅವರು ಮಾತ್ರ ನಗಲಿಲ್ಲ. “ಮಧ್ಯಾಹ್ನ ನಿಂತಿತ್ತಂತಲ್ಲ? ಬುತ್ತಿ ಡಬ್ಬಿ ಇಟ್ಟಿದ್ರಂತ. ಯಾರು, ಹೆಸರು ಹೇಳ್ರಿ. ಇವತ್ತ ಮನಿಗೆ ಕಳಸ್ತೀನಿ.”

ಸಂಕವ್ವ ನೆಲ ನೋಡುತ್ತಿದ್ದಳು.

“ತಪ್ಪು ನಕ್ಷೆಯದು. ನಕ್ಷೆ ನನ್ನದು,” ಎಂದೆ. ಹಾಳೆ ಬಿಡಿಸಿ, ಹಳೆಯ ಗೆರೆ ಹೊಡೆದುಹಾಕಿ, ಕಟ್ಟೆಯಿದ್ದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಬುತ್ತಿ ಇಡುವ ಜಾಗ. ಕೇಬಲ್ ತರಬಾರದು.

ಅವರು ಎರಡು ಸಲ ಓದಿದರು. “ನಕ್ಷೆಯೊಳಗ ಬುತ್ತಿನೂ ಬರೀತಾರೇನ್ರಿ?”

“ಇನ್ನು ಮೇಲೆ ಬರೀತೀನಿ.”

ಸಾಲಾಗಿ ನಿಂತಿದ್ದ ಹನ್ನೊಂದು ಜನರನ್ನು ಅವರು ಒಮ್ಮೆ ನೋಡಿದರು. ಜೇಬಿನಿಂದ ಪೆನ್ನು ತೆಗೆದು, ನಕ್ಷೆಯಲ್ಲಿ ನಾನು ಬರೆದದ್ದರ ಕೆಳಗೇ ರುಜು ಹಾಕಿದರು.