ಗೋಫರ್ ಬಿಲಕ್ಕೆ ಸುರಿದದ್ದು

ಪಕ್ಕದ ಮನೆಯ ವೆರ್ಲಿನ್ ಹೌಗೆನ್ ವಿಷ ಇಡುತ್ತಾನೆಂದು ನನಗೆ ಏಪ್ರಿಲ್‌ನಿಂದಲೇ ಗುಮಾನಿ. ಬೇಲಿಯ ಈಚೆ ಹೆಗ್ಗಣದಂಥ ಗೋಫರ್‌ಗಳು ನನ್ನ ಹಿತ್ತಲನ್ನು ಕೊರೆದು ಗುಪ್ಪೆ ಗುಪ್ಪೆ ಮಣ್ಣು ಎಬ್ಬಿಸುತ್ತಿದ್ದರೆ, ಆಚೆ ಅವನ ಹುಲ್ಲು ಸಪಾಟು. ಹೇಗಪ್ಪಾ ಎಂದು ಕೇಳಿದರೆ ಹಲ್ಲು ಕಿರಿಯುತ್ತಿದ್ದ. ಹಲ್ಲು ಕಿರಿಯುವವರನ್ನು ನಾನು ನಂಬುವುದಿಲ್ಲ.

ನನ್ನದು ಕೊಲ್ಲದ ದಾರಿ. ಘಾಟಿಗೆ ಗೋಫರ್ ತಾನಾಗಿ ಜಾಗ ಖಾಲಿ ಮಾಡುತ್ತದಂತೆ. ಹರಳೆಣ್ಣೆಗೆ ಸೋಪಿನ ನೀರು ಬೆರೆಸಿ ಚಿಮುಕಿಸಿದೆ. ಸಾಲದೆಂದು ಚರ್ಚಿನ ಅಡುಗೆಮನೆಯಿಂದ ಕಾಫಿ ಚರಟ ತಂದು ಬಿಲಗಳಿಗೆ ಸುರಿದೆ. ಮಿನ್ನೆಸೋಟಾದ ನಮ್ಮೂರಲ್ಲಿ ಯಾರು ಸತ್ತರೂ ಚರ್ಚಿನ ನೆಲಮಾಳಿಗೆಯಲ್ಲಿ ಹಂಡೆಗಟ್ಟಲೆ ಕಾಫಿ ಕುದಿಯುತ್ತದೆ. ಆ ವಾರ ಇಬ್ಬರು ಸತ್ತಿದ್ದರು; ಎರಡು ಬಕೆಟ್ ಸಿಕ್ಕಿತು.

ಶನಿವಾರ ಮಧ್ಯಾಹ್ನ ನೋಡಿದರೆ ನನ್ನ ನಾಯಿ ರೋಲೊ ವಾಂತಿ ಮಾಡಿಕೊಂಡು ಗಡಗಡ ನಡುಗುತ್ತಿದೆ. ಎದೆ ಮುಟ್ಟಿದರೆ ಒಂದೇ ಸಮನೆ ಡವಡವ. ಅಯ್ಯೋ ದೇವರೇ! ಮನೆಯಲ್ಲಿ ನನಗೆ ಜೊತೆಯೆಂದು ಇರುವುದು ಅದೊಂದೇ ಜೀವ. ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆ.

"ಏನು ತಿಂತು?" ಎಂದಳು ಪಶುವೈದ್ಯೆ ಕ್ರಿಸ್ಟಾ.

"ವಿಷ. ವೆರ್ಲಿನ್ ಹೌಗೆನ್ ಇಟ್ಟಿದ್ದು. ಹೆಸರು ಬರ್ಕೊಳ್ಳಿ."

ಅವಳು ಬರೆದುಕೊಂಡಳು. "ಯಾವ ವಿಷ ಅಂತ ಗೊತ್ತಾಗ್ಬೇಕು ಆರ್ಡಿಸ್. ಒಂದೊಂದಕ್ಕೆ ಒಂದೊಂದು ಔಷಧಿ. ಬೇಗ ಕೇಳಿ."

ಫೋನ್ ಮಾಡಿದರೆ ಎತ್ತಲಿಲ್ಲ. ಎತ್ತುತ್ತಾನೆಯೇ, ಕಳ್ಳ! ರೋಲೊನನ್ನು ಆಸ್ಪತ್ರೆಯಲ್ಲೇ ಬಿಟ್ಟು ಅವನ ಮನೆಗೇ ನುಗ್ಗಿದೆ. ಗ್ಯಾರೇಜಿನಲ್ಲಿ ಏನೋ ಉಜ್ಜುತ್ತಾ ಕೂತಿದ್ದ.

"ಏನಯ್ಯಾ ಇಟ್ಟೆ ಬಿಲದಲ್ಲಿ? ಬೊಗಳು! ನನ್ನ ರೋಲೊ ಸಾಯ್ತಿದೆ!"

"ನಾನ್ಯಾಕೆ ವಿಷ ಇಡ್ಲಿ ಮಾರಾಯ್ತಿ?" ಅವನು ಫ್ರೀಜರ್ ತೆರೆದು ಐಸ್‌ಕ್ರೀಮ್ ಡಬ್ಬಿಯೊಂದನ್ನು ನನ್ನ ಮುಂದೆ ಹಿಡಿದ. ಅದರ ತುಂಬ ಗೋಫರ್‌ಗಳ ಮುಂಗಾಲುಗಳು. ಕಾಲು ತಂದು ತೋರಿಸಿದವರಿಗೆ ನಮ್ಮ ಟೌನ್‌ಶಿಪ್ ಪಂಚಾಯ್ತಿ ಇನಾಮು ಕೊಡುತ್ತದೆ. "ವಿಷ ತಿಂದಿದ್ದು ನೆಲದೊಳಗೇ ಸಾಯತ್ತೆ. ಆಮೇಲೆ ಕಾಲು ಎಲ್ಲಿಂದ ತರ್ಲಿ? ನಂದೆಲ್ಲ ಬೋನು."

ಇಲ್ಲೇ ಹುಟ್ಟಿ ಬೆಳೆದ ನನಗೆ ಅಷ್ಟೂ ಹೊಳೆದಿರಲಿಲ್ಲ. ಆದರೂ ಹಳೆಯ ಕಾಲುಗಳಿರಬಹುದೆಂದು ಇಣುಕಿ ನೋಡಿದೆ.

"ನೀನೇನು ಸುರಿದೆ?" ಎಂದ.

"ಚರ್ಚಿನ ಕಾಫಿ ಚರಟ."

"ಬರೀ ಚರಟಾನಾ?"

ಆಗ ನೆನಪಾಯಿತು. ತಿಥಿಯಲ್ಲಿ ಉಳಿದ ಕೇಕು, ಕೆನೆ, ಚರಟ ಎಲ್ಲವನ್ನೂ ನಮ್ಮ ಹೆಂಗಸರು ಒಂದೇ ಬಕೆಟ್ಟಿಗೆ ಹಾಕುತ್ತಾರೆ. ನಾನೂ ಹಾಕುತ್ತೇನೆ. ಹಿತ್ತಲಿಗೆ ಓಡಿ ನೋಡಿದೆವು. ನಾನು ತುಂಬಿದ್ದ ಬಿಲಗಳನ್ನೆಲ್ಲ ರೋಲೊ ಕೆದಕಿ ನೆಕ್ಕಿತ್ತು.

ಕ್ರಿಸ್ಟಾಗೆ ಫೋನ್ ಮಾಡಿದೆ. "ಕಾಫಿ ನಾಯಿಗೆ ವಿಷಾನೇ. ಸದ್ಯ, ಈಗ್ಲಾದ್ರೂ ಹೇಳಿದ್ರಲ್ಲ," ಎಂದಳು. ಕಾರಿನ ಕೀಲಿಗೆ ತಡಕಾಡುತ್ತಿದ್ದ ನನ್ನನ್ನು ವೆರ್ಲಿನ್ ತನ್ನ ಪಿಕಪ್ಪಿನಲ್ಲೇ ಕರೆದೊಯ್ದ.

ನಾವು ಹೋಗುವಷ್ಟರಲ್ಲಿ ಇಂಜೆಕ್ಷನ್ ಆಗಿತ್ತು, ನಡುಕ ಇಳಿದಿತ್ತು. "ಬದುಕತ್ತೆ," ಎಂದಳು ಕ್ರಿಸ್ಟಾ. "ಇನ್ಮೇಲೆ ಗಿಡದ ಬುಡದಲ್ಲಿ ತಂತಿ ಬಲೆ ಹೂಳಿ, ಸಾಕು." ನಾನು ರೋಲೊನ ಕಿವಿಗೆ ಮುಖ ಒತ್ತಿ ಅತ್ತುಬಿಟ್ಟೆ.

ಸಹಿಗೆಂದು ಅವಳು ಕಾಗದ ಮುಂದಿಟ್ಟಳು. ವೆರ್ಲಿನ್ ಪೆನ್ನು ಕೊಡಲು ಬಗ್ಗಿದವನು ಹಾಗೇ ನಿಂತ. ಅಲ್ಲಿ 'ವಿಷ ಇಟ್ಟವರು: ವೆರ್ಲಿನ್ ಹೌಗೆನ್' ಎಂದಿತ್ತು. ಇಪ್ಪತ್ತಾರು ವರ್ಷದ ನೆರೆಯವನು.

"ಅದನ್ನ ಹೊಡೆದುಹಾಕಿ ಡಾಕ್ಟ್ರೇ," ಎಂದೆ. "ಆರ್ಡಿಸ್ ನೂಟ್ಸನ್ ಅಂತ ಬರೀರಿ."

"ಇರ್ಲಿ ಬಿಡಿ, ಹೊಡೆದುಹಾಕಿದ್ರೆ ಸಾಕಲ್ಲ?" ಎಂದಳು ಕ್ರಿಸ್ಟಾ.

"ಸಾಕಾಗಲ್ಲ. ಬರೀರಿ."

ಅವಳು ಬರೆಯುವಾಗ ವೆರ್ಲಿನ್ ಬಾಗಿಲು ತೆರೆದು ಹೊರಗೆ ನಡೆದ. ಪಿಕಪ್ ಹೊರಟ ಸದ್ದು ಕೇಳಿತು. ನನ್ನ ಕಾರು ಮನೆಯಲ್ಲೇ ಇತ್ತು; ನಾನೂ ರೋಲೊನೂ ಹೇಗೆ ಬರುತ್ತೇವೆಂದು ಅವನು ಕೇಳಲಿಲ್ಲ. ಕರೆದೊಯ್ಯೆಂದು ಕೇಳುವ ಮುಖವೂ ನನಗಿರಲಿಲ್ಲ.