ಮೌನ ಕಲಿತ ಸ್ಪೀಕರ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೆ ನನ್ನ ಅಣ್ಣನ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿ ನೋಡಿ, ಆಮೇಲೆ ಮಾತಾಡೋಣ. ನಾನು ಹತ್ತು ಮಾತಾಡಿದರೆ ಅವನದು ಒಂದು ‘ಹೂಂ’. ಅದೂ ಹೌದೋ ಅಲ್ಲವೋ ತಿಳಿಯದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ನಾವು ಸ್ಪೀಕರ್ ಮಾಡುವವರು. ಮರದ ಪೆಟ್ಟಿಗೆ ಅವನದು. ಒಳಗಿನ ತಂತಿ, ಸರ್ಕ್ಯೂಟು, ತಲೆನೋವು ಎಲ್ಲ ನನ್ನದು. ಈ ಸಲ ಮಾಡಿದ್ದು ಬೆಳಕಿನ ಸ್ಪೀಕರ್. ಹಾಡಿನ ಏರಿಳಿತಕ್ಕೆ ತಕ್ಕ ಹಾಗೆ ಅದರ ಮುಂದಿನ ಹಲಗೆ ಬೆಳಗಬೇಕು. ಅಂಗಡಿಗಳಲ್ಲಿ ಸಿಗುತ್ತವಲ್ಲ, ಕೆಂಪು ನೀಲಿ ಹಸಿರು ಮಿಣಮಿಣ, ಅಂಥದ್ದಲ್ಲ. ಅಣ್ಣ ಆ ಹಲಗೆಯನ್ನು ಒಂದು ಮಿಲಿಮೀಟರಿಗಿಂತ ತೆಳ್ಳಗೆ ಕೀಸಿದ್ದ. ದೀಪ ಆರಿದ್ದಾಗ ಬರೀ ಮರ. ಹೊತ್ತಿದಾಗ ಮರದ ಗೆರೆಗೆರೆಯ ನಡುವಿನಿಂದ ಜೇನುಬಣ್ಣದ ಬೆಳಕು. ಮೊದಲ ಸಲ ನೋಡಿದಾಗ ನನಗೆ ಅಳುವೇ ಬಂತು. ಬಾಯಿಂದ ಬಂದದ್ದು ಮಾತ್ರ, “ಎಡಗಡೆ ಸ್ವಲ್ಪ ದಪ್ಪ ಆಯ್ತು.”

ಅದೇ ವಾರ ಅಣ್ಣ ಬಾಗಿಲು ತಯಾರಿಸುವ ಫ್ಯಾಕ್ಟರಿಗೆ ಸೇರುತ್ತೇನೆ ಎಂದ. ಒಂದನೇ ತಾರೀಖಿನಿಂದ.

“ಯಾಕೆ?” ಅಂದೆ.

“ನಿನಗೆ ಬೇಕಾಗಿರೋದು ಲೈಟು. ಪೆಟ್ಟಿಗೆ ಯಾರು ಬೇಕಾದ್ರೂ ಮಾಡ್ತಾರೆ.”

ಇಷ್ಟು ವರ್ಷಗಳಲ್ಲಿ ಅವನು ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು ಅದು. ಹೋಗಬೇಡ ಅನ್ನಬೇಕಿತ್ತು. “ಹೋಗು, ನನಗೇನಂತೆ” ಅಂದುಬಿಟ್ಟೆ. ನಿಜವಾಗಿಯೂ ಹೋಗಿಬಿಟ್ಟರೆ ಏನು ಗತಿ ಎಂಬುದು ಹೊಳೆದದ್ದು ಆಮೇಲೆ. ಆದರೆ ಬಿಗುಮಾನ ಬಿಡಬೇಕಲ್ಲ.

ಸ್ಪೀಕರಿನಲ್ಲಿ ಒಂದು ಪುಟ್ಟ ಮೈಕ್ ಇದೆ. ಸದ್ದು ಕೇಳಿಸಿಕೊಂಡು ದೀಪಕ್ಕೆ ತಿಳಿಸುವುದು ಅದೇ. ಆದರೆ ಫ್ಯಾನಿನ ಗರಗರಕ್ಕೆಲ್ಲ ದೀಪ ಕುಣಿದರೆ ಮರ್ಯಾದೆ ಉಳಿಯುತ್ತದೆಯೇ? ಅದಕ್ಕೇ ಹಿಂದುಗಡೆ ಒಂದು ಗುಂಡಿ ಇಟ್ಟೆ. ಯಾರೂ ಮಾತಾಡದಿರುವಾಗ ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ, ಆ ಹೊತ್ತಿಗೆ ಕೋಣೆಯಲ್ಲಿ ಏನೇನು ಸದ್ದಿದೆಯೋ ಅದನ್ನೆಲ್ಲ ಪೆಟ್ಟಿಗೆ ‘ಮೌನ’ ಎಂದು ಕಲಿತುಕೊಳ್ಳುತ್ತದೆ. ಮುಂದೆ ಅಂಥ ಸದ್ದಿಗೆ ದೀಪ ಹೊತ್ತುವುದಿಲ್ಲ. ಮಂಗಳವಾರ ಮಧ್ಯಾಹ್ನ ಒತ್ತಿದೆ. ಫ್ಯಾನ್ ತಿರುಗುತ್ತಿತ್ತು, ಅಣ್ಣ ಮೂಲೆಯಲ್ಲಿ ಇನ್ನೊಂದು ಹಲಗೆಗೆ ಅಂಟು ಹಚ್ಚುತ್ತಿದ್ದ. ಬೇರೆ ಯಾವ ಸದ್ದೂ ಇರಲಿಲ್ಲ.

ಬುಧವಾರ ಇಬ್ಬರೂ ಅದನ್ನು ನಮ್ಮ ಸ್ಪೀಕರ್ ಮಾರುವ ಶೋರೂಮಿಗೆ ಹೊತ್ತೊಯ್ದೆವು. ಶೋರೂಮಿನ ಮೇಡಂ ಡ್ರಮ್ ಬಾರಿಸುವ ಹಾಡು ಹಾಕಿದರು, ಹಲಗೆ ಧಗ್ ಎಂದು ಬೆಳಗಿತು. ಹೆಂಗಸೊಬ್ಬಳ ಹಾಡು ಹಾಕಿದರು, ಬೆಳಕು ದನಿಯ ಹಿಂದೆಯೇ ಏರಿತು, ಇಳಿಯಿತು. ಮೇಡಂ ಮುಖ ಅರಳಿತು. “ನನಗೆ ಇಷ್ಟವಾದದ್ದು ಒಂದಿದೆ” ಎಂದು ಮೆಲುದನಿಯಲ್ಲಿ ಗಂಡಸು ಹಾಡುವ ಲಾಲಿಹಾಡು ಹಾಕಿದರು. ಹಲಗೆ ಬರೀ ಮರವಾಗಿ ಕೂತಿತು, ಒಂದು ಮಿಣುಕೂ ಇಲ್ಲ.

“ನಿಮ್ಮ ಸ್ಪೀಕರಿಗೆ ಗಂಡಸರನ್ನ ಕಂಡ್ರೆ ಆಗಲ್ವಾ?” ಎಂದರು ಮೇಡಂ.

“ಮರದ ತೊಂದರೆ ಮೇಡಂ. ಹಲಗೆ ದಪ್ಪ ಆಗಿದೆ” ಅಂದೆ. ಅಣ್ಣ ಪಕ್ಕದಲ್ಲೇ ನಿಂತಿದ್ದ.

ಮೇಡಂ ಹಲಗೆಯ ಮೇಲೆ ಬೆರಳಾಡಿಸಿದರು. “ಮರ ಚೆನ್ನಾಗೇ ಇದೆಯಲ್ಲ. ಸರಿ ಮಾಡಿಕೊಂಡು ಶುಕ್ರವಾರ ತನ್ನಿ.”

ಅಣ್ಣ ಸ್ಪೀಕರನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ವ್ಯಾನಿನತ್ತ ನಡೆದ. ನನ್ನ ನಾಲಿಗೆಯನ್ನು ನಾನೇ ಕಿತ್ತು ಬಿಸಾಡಬೇಕು ಅನ್ನಿಸಿತು.

ಗುರುವಾರ ಬೆಳಿಗ್ಗೆ ಎಲ್ಲ ಬಿಚ್ಚಿ ಹರಡಿದೆ. ತಂತಿ ಸರಿ, ಬೆಸುಗೆ ಸರಿ, ಮೈಕ್ ಸರಿ. ಕೊನೆಗೆ, ಪೆಟ್ಟಿಗೆ ಕಲಿತದ್ದನ್ನೆಲ್ಲ ಅಳಿಸಿ ಮೊದಲಿಂದ ಕಲಿಸೋಣ ಎಂದುಕೊಂಡೆ. ಅಳಿಸಿದೆ. ಫ್ಯಾನನ್ನೂ ನಿಲ್ಲಿಸಿದೆ. ಈಗ ಹಲಗೆ ಪೂರ್ತಿ ಆರಬೇಕು. ಆರಲಿಲ್ಲ. ಮಸುಕಾಗಿ ಬೆಳಗುತ್ತಿತ್ತು, ಏರುತ್ತಿತ್ತು, ಇಳಿಯುತ್ತಿತ್ತು.

“ಯಾರದು ಸದ್ದು?” ಎಂದು ರೇಗಿದೆ.

“ಇಲ್ಲಿರೋದು ಇಬ್ಬರೇ” ಎಂದ ಅಣ್ಣ ಮೂಲೆಯಿಂದ, ತಲೆ ಎತ್ತದೆ.

ಅವನ ಮಾತಿಗೆ ಹಲಗೆ ಜೋರಾಗಿ ಬೆಳಗಿ ತಣ್ಣಗಾಯಿತು. ಮತ್ತೆ ಅದೇ ಮಸುಕು ಬೆಳಕು. ಅವನು ಕುಂಚ ಅಂಟಿಗೆ ಅದ್ದಲು ಕೆಲಸ ನಿಲ್ಲಿಸಿದಾಗ ಆರಿತು. ಬಗ್ಗಿ ಕುಂಚ ಆಡಿಸತೊಡಗಿದಾಗ ಮತ್ತೆ ಬಂತು. ನಾನು ಮೆಲ್ಲಗೆ ಎದ್ದು ಅವನ ಹತ್ತಿರ ಹೋಗಿ ಕಿವಿಗೊಟ್ಟೆ.

“ಅಣ್ಣಾ, ನೀನು ಗುನುಗ್ತಾ ಇದೀಯ.”

“ನಾನಾ? ಇಲ್ಲವಲ್ಲ.”

“ಬಾಯಿ ಮುಚ್ಚಿಕೊಂಡೇ ಹಾಡ್ತಾ ಇದೀಯ. ಅಲ್ಲಿ ನೋಡು.”

ಅವನು ಹಲಗೆಯನ್ನು ನೋಡಿದ. ನಂಬದೆ ಒಂದು ಎಳೆ ಗುನುಗಿದ, ಬೆಳಗಿತು. ನಿಲ್ಲಿಸಿದ, ಆರಿತು. ಅವನ ಕಿವಿ ಕೆಂಪಾಯಿತು. “ಯಾವಾಗಿಂದ?” ಎಂದ.

“ನನಗೇನು ಗೊತ್ತು? ಹನ್ನೊಂದು ವರ್ಷದಿಂದಲೂ ಇರಬಹುದು. ನನಗೆ ಕೇಳಿಸಿಯೇ ಇಲ್ಲ.”

ಮಂಗಳವಾರ ಆದದ್ದು ಅದೇ. ಅಣ್ಣನ ಗುನುಗನ್ನು ನಾನು ಮೌನ ಅಂದುಕೊಂಡಿದ್ದೆ, ಪೆಟ್ಟಿಗೆಯೂ ಹಾಗೇ ಕಲಿತಿತ್ತು. ಲಾಲಿಹಾಡಿನವನ ದನಿ ಹೆಚ್ಚುಕಮ್ಮಿ ಅಣ್ಣನ ಗುನುಗಿನಂಥದ್ದೇ, ಅದಕ್ಕೇ ದೀಪ ಹೊತ್ತಿರಲಿಲ್ಲ.

“ಹತ್ತು ಸೆಕೆಂಡು ಹೊರಗೆ ಹೋಗು, ಸರಿಯಾಗಿ ಕಲಿಸ್ತೀನಿ” ಅಂದೆ. ಅವನು ಬಾಗಿಲು ಎಳೆದುಕೊಂಡು ಹೋದ.

ಫ್ಯಾನ್ ಹಾಕಿ ಗುಂಡಿ ಒತ್ತಿದೆ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ. ಕೋಣೆ ನನ್ನದೇ ಅಲ್ಲ ಅನ್ನಿಸಿತು. ಅದೇ ಮೇಜು, ಅದೇ ಮರದ ಪುಡಿ, ಅವನು ಬಿಟ್ಟುಹೋದ ಅಂಟಿನ ಡಬ್ಬಿ. ಫ್ಯಾನಿನ ಗರಗರ ಒಂದೇ. ಏಳಕ್ಕೆ ಬರುವಷ್ಟರಲ್ಲಿ ಒಂದನೇ ತಾರೀಖಿನಿಂದ ದಿನವೂ ಹೀಗೇ ಎಂಬುದು ತಲೆಗೆ ಹೋಯಿತು. ಹತ್ತು ಆಗುತ್ತಲೇ ಓಡಿ ಬಾಗಿಲು ತೆಗೆದೆ.

“ಹೋಗಬೇಡ.”

“ಹೊರಗೆ ಕಳಿಸಿದವಳು ನೀನೇ.”

“ಫ್ಯಾಕ್ಟರಿಗೆ ಹೋಗಬೇಡ ಅಂದೆ. ನೀನಿಲ್ಲದೆ ನನ್ನ ಕೈಯಲ್ಲಿ ಆಗಲ್ಲ.” ಅವನ ತೋಳು ಹಿಡಿದು ಒಳಗೆ ಎಳೆದೆ. “ಹಲಗೆ ದಪ್ಪ ಆಗಿರಲಿಲ್ಲ. ಎಡಗಡೇನೂ ಆಗಿರಲಿಲ್ಲ.”

“ಗೊತ್ತು. ಅಳೆದಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಹೇಳ್ತೀಯಾ ಅಂತ ಕಾಯ್ತಾ ಇದ್ದೆ” ಎಂದ.

“ಈಗ ಹೇಳಿದೆನಲ್ಲ. ಇರ್ತೀಯೋ ಇಲ್ಲವೋ?”

“ಹೂಂ.”

ಹೌದೋ ಅಲ್ಲವೋ, ಯಾರಿಗೆ ಗೊತ್ತು. ಇನ್ನೊಮ್ಮೆ ಕೇಳುವ ಧೈರ್ಯ ಇಲ್ಲದೆ ನನ್ನ ಮೇಜಿಗೆ ಬಂದು, ಅವನಿಗೆ ಬೆನ್ನು ಹಾಕಿ ಕೂತೆ. ಹಿಂದೆ ಅವನು ಫೋನ್ ಒತ್ತಿದ್ದು ಕೇಳಿಸಿತು. “ಸಾರ್, ಒಂದನೇ ತಾರೀಖು ಬರೋಕಾಗಲ್ಲ. ಇಲ್ಲೇ ಕೆಲಸ ಇದೆ” ಎಂದ. ಮಾತು ಮುಗಿಸಿ ಅಂಟಿನ ಡಬ್ಬಿ ಎಳೆದುಕೊಂಡ.

ಸ್ವಲ್ಪ ಹೊತ್ತಿಗೆ ನನ್ನ ಎದುರಿನ ಹಲಗೆ ಮೆಲ್ಲಗೆ ಬೆಳಗತೊಡಗಿತು. ಬೆಸುಗೆ ಹಾಕುತ್ತಿದ್ದ ಕೈ ನಿಲ್ಲಿಸಿದೆ. ಈ ಸಲ ನನಗೂ ಕೇಳಿಸಿತು.