ರೂಮಿನಲ್ಲಿ ಮೂವರು

“ರೂಮ್ ತಯಾರ್ ಅದರಿ. ಕೀಲಿ ಹಾಕೀನಿ, ನಾವಿಬ್ಬರ ಬಿಟ್ರ ಯಾರೂ ಒಳಗ ಬರಂಗಿಲ್ಲ.”

ಒಳಗಿನ ಖೋಲಿಯಿಂದ ಮನೀಷಾ ಫೋನಿನಲ್ಲಿ ಹೀಗೆ ಅಂದದ್ದು ಕೇಳಿದ್ದೇ ತಡ, ಪಡಸಾಲೆಯಲ್ಲಿ ಬೀಡಿ ಕಟ್ಟುತ್ತಿದ್ದ ಭಾಗಾಬಾಯಿಯ ಎದೆ ಧಸಕ್ಕೆಂದಿತು. ತಾಯಿಯಿಲ್ಲದ ಸೋದರಸೊಸೆಯನ್ನು ಸೊಲ್ಲಾಪುರದ ಈ ಎರಡು ಖೋಲಿಯ ಮನೆಯಲ್ಲಿ ಸಾಕಿ, ಓದಿಸಿ, ಟವೆಲ್ ಕಂಪನಿಯ ಆಫೀಸಿಗೆ ಹಚ್ಚಿದ್ದು ಇದಕ್ಕೇನು? ಅಕ್ಕಲಕೋಟೆಯ ರಾಜರತ್ನನ ಸಂಬಂಧ ಬಂದದ್ದೇನೋ ನಿಜ. ಆದರೆ ಭಾಗಾಬಾಯಿ ಇನ್ನೂ ಹೂಂ ಅಂದಿರಲಿಲ್ಲ. ಗುರುವಾರ ಮಾತು ಕೊಡಬೇಕು. ಹುಡುಗನಿಗೆ ನೌಕರಿಯಿದೆ, ಮನೆಯಿದೆ. ಗುಣ ತಿಳಿಯುವುದು ಹೇಗೆ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಆ ಚಿಂತೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

“ಎಲ್ಲದ ಆ ರೂಮು? ಯಾವ ಲಾಡ್ಜು?” ಎನ್ನುತ್ತ ಮೊರ ಸರಿಸಿ ಎದ್ದೇಬಿಟ್ಟಳು.

ಮನೀಷಾ ನಕ್ಕು ನಕ್ಕು ಸುಸ್ತಾದಳು. “ಅಯ್ಯ ಅತ್ತಿ, ರೂಮ್ ಅಂದ್ರ ಇದರಾಗ!” ಎಂದು ಕಪಾಟಿನ ಮೇಲೆ ಗುಂಯ್‌ಗುಡುತ್ತಿದ್ದ ಹಳೆಯ ಲ್ಯಾಪ್‌ಟಾಪು ತೋರಿಸಿದಳು. ಅದೇ ಅವಳ ಸರ್ವರ್. ಅದಕ್ಕೆ ಹಾಕಿದ ಸಿನಿಮಾ ಇಲ್ಲಿ ಅವಳ ಮೊಬೈಲಿನಲ್ಲೂ ಅಕ್ಕಲಕೋಟೆಯಲ್ಲಿ ರಾಜರತ್ನನದರಲ್ಲೂ ಒಟ್ಟಿಗೇ ಓಡುತ್ತದೆ. ಒಬ್ಬರು ನಿಲ್ಲಿಸಿದರೆ ಎಲ್ಲರಿಗೂ ನಿಲ್ಲುತ್ತದೆ. ಹೀಗೆ ಕೂಡಿ ನೋಡುವವರ ಹೆಸರು ಕಾಣುವ ಪುಟಕ್ಕೇ ರೂಮ್ ಅನ್ನುವುದು.

“ಮತ್ತ ದಿನಾ ಕಂಟೇನರ್ ಕಂಟೇನರ್ ಅಂತಿದ್ದಿ?”

“ಅದು ಡಬ್ಬಿ ಇದ್ದಂಗ, ಅತ್ತಿ. ಸಿನಿಮಾ ಓಡಸೂ ಪ್ರೋಗ್ರಾಮು ತನ್ನ ಸಾಮಾನೆಲ್ಲಾ ಕಟ್ಟಿಕೊಂಡು ಅದರಾಗ ಕುಂತಿರ್ತದ. ಬ್ಯಾರೆ ಏನೂ ಮುಟ್ಟಂಗಿಲ್ಲ. ಕೆಟ್ರ ಆ ಡಬ್ಬಿ ಒಗದು ಹೊಸಾದು ಇಡೂದು.”

“ಡಬ್ಬಿ ಇರ್ಲಿ, ಮುಚ್ಚಳ ಯಾರ ಕೈಯಾಗದ? ನನ್ನೂ ಒಳಗ ಹಾಕು!”

ಹಾಕದೆ ಗತಿಯಿತ್ತೆ? ಆ ಭಾನುವಾರ ಮಧ್ಯಾಹ್ನ ಮನೀಷಾ ಒಳಗೆ ಕೂತಳು. ಭಾಗಾಬಾಯಿ ತನ್ನ ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ಪಡಸಾಲೆಯಲ್ಲಿ ಕಾವಲಿಗೆ ಕೂತಳು. “ಜೈ ಭೀಮ್, ಅತ್ತಿ” ಎಂದು ಹುಡುಗ ಬರೆದದ್ದನ್ನು ಮನೀಷಾ ಕೂಗಿ ಹೇಳಿದಳು. “ಜೈ ಭೀಮ್. ಬಾಯಿ ಸವಿ ಇದ್ರ ಸಾಲದು,” ಅಂತ ಅತ್ತೆ ಗೊಣಗಿದಳು.

ಸಿನಿಮಾ ನಗಿಸುವಂಥದು. ಹೀರೋ ಗೋಡೆ ಹತ್ತಿ ಇನ್ನೇನು ಆಚೆ ಹಾರಬೇಕು, ಅಷ್ಟರಲ್ಲಿ ಭಾಗಾಬಾಯಿಯ ಮೊಬೈಲು ಚಾರ್ಜ್ ಮುಗಿದು ಕಣ್ಣು ಮುಚ್ಚಿತು. ಆಯ್ತಲ್ಲ, ಕಾವಲಿನವಳೇ ಹೋದಳು, ಇನ್ನು ಇಬ್ಬರಿಗೂ ಹಬ್ಬ! ತನ್ನ ಚಾರ್ಜರು ಕೆಟ್ಟಿತ್ತು. ಪಕ್ಕದ ಮನೆಯ ಪೂನಮಳ ಹತ್ತಿರ ಕೇಳಲು ಹೋದವಳನ್ನು ಅವಳು ಚಹಾ ಕುಡಿಸದೆ ಬಿಡಲಿಲ್ಲ. ಮರಳಿ ಬಂದು, ಮನೀಷಾಳ ಕೈಯಿಂದ ಮೊಬೈಲು ಹಚ್ಚಿಸಿ ನೋಡಿದರೆ ಹೀರೋ ಇನ್ನೂ ಗೋಡೆಯ ಮೇಲೆಯೇ ಇದ್ದ.

“ಡಬ್ಬಿ ಕೆಟ್ಟಿತೇನ?”

“ಇಲ್ಲತ್ತಿ. ರೂಮಿನ್ಯಾಗ ನಿನ್ನ ಹೆಸರು ಮಾಯ ಆತಲ್ಲ, ಅವ್ರು ನಿಲ್ಲಿಸಿಬಿಟ್ರು. ಅತ್ತಿ ಬರ್ಲಿ, ಇಲ್ಲಾಂದ್ರ ಮುಂದಿಂದು ಅವರಿಗೆ ತಪ್ಪತದ ಅಂದ್ರು.”

“ನಾ ಹೋದ ಮ್ಯಾಲ ಇಬ್ರೂ ಆರಾಮ ನೋಡಬೇಕಿಲ್ಲೇನ?”

“ನಾನೂ ಅದ ಅಂದೆ,” ಮನೀಷಾ ಮುಖ ಸಣ್ಣ ಮಾಡಿದಳು. “ಕೇಳಲೇ ಇಲ್ಲ.”

ಭಾಗಾಬಾಯಿ ಹೊಸ್ತಿಲಲ್ಲೇ ಕೂತುಬಿಟ್ಟಳು. ಸತ್ತವರ ಬಗ್ಗೆ ಆಡಬಾರದು. ಅವಳ ಗಂಡ ಸೈದಪ್ಪ ಹೊಡೆದವನಲ್ಲ, ಬಡಿದವನಲ್ಲ. ಆದರೆ ಬಾಳೆಲ್ಲ ಹತ್ತು ಹೆಜ್ಜೆ ಮುಂದೆಯೇ ನಡೆದ. ಮದುವೆಯಾದ ಹೊಸತರಲ್ಲಿ ಮಂಗಳವೇಢೆಯ ಸ್ಟ್ಯಾಂಡಿನಲ್ಲಿ ಅವಳು ನೀರು ಕುಡಿಯಲು ಇಳಿದಿದ್ದಾಗ ಎಸ್‌ಟಿ ಬಸ್ಸು ಹೊರಟಿತು. ಅವನು ಒಳಗಿದ್ದ. ‘ತಡೀರಿ’ ಎಂದು ಕಂಡಕ್ಟರನಿಗೆ ಒಂದು ಮಾತು ಅನ್ನಲಿಲ್ಲ. ಹಿಂದಿನ ಗಾಡಿಗೆ ಬಂದೇ ಬರುತ್ತಾಳೆ ಅಂದುಕೊಂಡನಂತೆ. ಬಂದಳು, ಸಂಸಾರವನ್ನೂ ಮಾಡಿದಳು. ಆದರೆ ಆ ಸಂಕಟ ಮಾತ್ರ ಕರಗಲಿಲ್ಲ.

“ಗುರುವಾರ ಬರ್ರಿ ಅಂತ ಹೇಳು,” ಅಂದಳು. “ಸಾಕ್ರಿ ಹಂಚಿ ಮಾತು ಪಕ್ಕಾ ಮಾಡೂಣು.”

ಮನೀಷಾ ಕುಣಿಯುವುದೊಂದು ಬಾಕಿ. ಹೇಳಿ ಬಂದು ಕೇಳಿದಳು: “ಪಿಚ್ಚರ್ ಚಾಲೂ ಮಾಡ್ಲ್ಯಾ, ಅತ್ತಿ? ಅವ್ರು ಕೇಳಾಕತ್ತಾರ.”

ಭಾಗಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಡಿಯವ್ವಾ. ನನ್ನ ಸಲುವಾಗಿ ನಿಂತದಲ್ಲಾ, ಇನ್ನೊಂದೀಟು ನಿಂದರ್ಲಿ.”